ಪಕ್ಕದ ಮನೆಯ ಹಾರ್ಪ್

ನಲವತ್ತು ವರ್ಷ ಮಕ್ಕಳಿಗೆ ವೀಣೆ ಹೇಳಿಕೊಟ್ಟವಳ ಕಿವಿ ಎಲ್ಲಿಗೆ ಹೋದರೂ ಸುಮ್ಮನಿರುವುದಿಲ್ಲ. ಮೈಸೂರಿನ ಮನೆಯಲ್ಲಿ ನಾನು ಒಳಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದರೂ, ಹಜಾರದಲ್ಲಿ ಯಾರು ಜಂಟಿ ವರಸೆಯನ್ನು ಅರ್ಧ ನುಂಗಿ ಮುಂದೆ ಓಡಿದರು ಎಂದು ಗೊತ್ತಾಗಿಬಿಡುತ್ತಿತ್ತು. ಎರಡು ವರ್ಷದ ಹಿಂದೆ, ಮಗನ ಮನೆಯಲ್ಲಿ ಆರು ತಿಂಗಳು ಇದ್ದು ಬರೋಣವೆಂದು ಕಾರ್ಡಿಫ್‌ಗೆ ಹೋದಾಗಲೂ ಅದೇ ಕಥೆಯಾಯಿತು.

ಕಾರ್ಡಿಫ್ ಎಂದರೆ ವೇಲ್ಸ್ ನಾಡಿನ ರಾಜಧಾನಿ. ಇಂಗ್ಲೆಂಡಿನ ಪಶ್ಚಿಮಕ್ಕೆ ಅಂಟಿಕೊಂಡಿರುವ ಈ ನಾಡಿನ ಒಟ್ಟು ಜನಸಂಖ್ಯೆ ಸುಮಾರು 31 ಲಕ್ಷ. ನಮ್ಮ ಮೈಸೂರು ಜಿಲ್ಲೆಯಷ್ಟೇ ಅನ್ನಿ. ಮಗನ ಮನೆ ಇದ್ದದ್ದು ಒಂದರ ಗೋಡೆಗೆ ಇನ್ನೊಂದು ಒರಗಿಕೊಂಡ ಸಾಲುಮನೆಗಳ ಬೀದಿಯಲ್ಲಿ. ನಮ್ಮ ಹಳೆಯ ವಠಾರದ ಹಾಗೆ, ಈ ಮನೆಯಲ್ಲಿ ಕೆಮ್ಮಿದರೆ ಆ ಮನೆಯಲ್ಲಿ ನೀರು ಕುಡಿಯಬೇಕು. ಹೋದ ಎರಡನೇ ಸಂಜೆ ಗೋಡೆಯಾಚೆಯಿಂದ ತಂತಿಯ ನಾದ ಕೇಳಿತು. ನಾಲ್ಕು ಸ್ವರ. ಮತ್ತೆ ಅದೇ ನಾಲ್ಕು ಸ್ವರ. ನಿಧಾನಕ್ಕೆ, ಇನ್ನೂ ನಿಧಾನಕ್ಕೆ, ಆಮೇಲೆ ಒಂದು ಚೂರು ವೇಗವಾಗಿ. ನಲವತ್ತು ಸಲ ಎಣಿಸಿ ಬಿಟ್ಟೆ. ಸೊಸೆ ಸಂಕೋಚದಿಂದ, "ಅತ್ತೆ, ನಿಮಗೆ ತೊಂದರೆಯಾದರೆ ಹೇಳ್ತೀನಿ ಅವರಿಗೆ" ಅಂದಳು. "ಬೇಡಮ್ಮ, ಯಾರೋ ಸರಿಯಾಗಿ ಸಾಧನೆ ಮಾಡ್ತಿದ್ದಾರೆ, ಮಾಡಲಿ" ಅಂದೆ.

ಆ ಮನೆಯಲ್ಲಿ ಐದು ಜನ ವಿದ್ಯಾರ್ಥಿಗಳು ಬಾಡಿಗೆಗಿದ್ದರು. ಎಲ್ಲರೂ ರಾಯಲ್ ವೆಲ್ಷ್ ಕಾಲೇಜ್ ಆಫ್ ಮ್ಯೂಸಿಕ್ ಅಂಡ್ ಡ್ರಾಮಾ ಎಂಬ ಸಂಗೀತ-ನಾಟಕ ಕಾಲೇಜಿನವರು. ಇಬ್ಬರು ನಟನೆ ಕಲಿಯುವವರು. ಪಾತ್ರೆ ತೊಳೆಯುವಾಗಲೂ ನಾಲಿಗೆ ತೊಡರುವ ವಾಕ್ಯಗಳನ್ನು ಗಟ್ಟಿಯಾಗಿ ಹೇಳುತ್ತಿದ್ದರು. ನಮ್ಮ ಮಕ್ಕಳು 'ಕಪ್ಪು ಕುಂಕುಮ, ಕೆಂಪು ಕುಂಕುಮ' ಹೇಳುವುದಿಲ್ಲವೇ, ಹಾಗೆ. ಒಬ್ಬ ಹುಡುಗ ರಂಗಸಜ್ಜಿಕೆ ಕಲಿಯುವವನು. ರಟ್ಟಿನಲ್ಲಿ ಬೆಂಕಿಪೊಟ್ಟಣದಷ್ಟು ಮೇಜು, ಕುರ್ಚಿ, ಬಾಗಿಲು ಮಾಡಿ ಕಿಟಕಿಯಲ್ಲಿ ಒಣಗಲು ಇಡುತ್ತಿದ್ದ. ಇನ್ನೊಬ್ಬಳು ಹಾಡುಗಾತಿ. ಐದನೆಯವಳೇ ನಾಲ್ಕು ಸ್ವರದ ನಮ್ಮ ಹಾರ್ಪ್ ಹುಡುಗಿ. ನಾಲ್ಕು ವರ್ಷದ ಪದವಿಯ ಕೊನೆಯ ವರ್ಷ. ಜೂನ್ ತಿಂಗಳಲ್ಲಿ ಪರೀಕ್ಷಕರ ಮುಂದೆ ಅವಳ ಕಛೇರಿ.

ಹಾರ್ಪನ್ನು ನೀವು ಚಿತ್ರದಲ್ಲಿ ನೋಡಿರುತ್ತೀರಿ. ಎದುರಿಗೆ ನಿಂತು ನೋಡಿದರೆ ಬೇರೆಯೇ. ನನಗಿಂತ ಎತ್ತರ, ಹೆಚ್ಚು ಕಡಿಮೆ ನಲವತ್ತು ಕಿಲೋ ತೂಕ. ನಮ್ಮ ವೀಣೆಗೆ ಏಳು ತಂತಿ, ಇದಕ್ಕೆ 47. ಅಷ್ಟೊಂದರಲ್ಲಿ ಯಾವುದು ಯಾವ ಸ್ವರ ಎಂದು ಕಣ್ಣಿಗೆ ದಾರಿ ಸಿಗಲಿ ಅಂತ 'ಸಿ' ಸ್ವರದ ತಂತಿಗಳಿಗೆಲ್ಲ ಕೆಂಪು ಬಣ್ಣ, 'ಎಫ್' ಸ್ವರದವಕ್ಕೆ ಕಪ್ಪು. ಕೆಳಗೆ ಕಾಲಿಗೆ ಏಳು ಪೆಡಲು, ಸ್ವರಕ್ಕೊಂದರಂತೆ. ಒಂದೊಂದು ಪೆಡಲಿಗೂ ಮೂರು ಮೆಟ್ಟು. ಒತ್ತಿದರೆ ಸ್ವರ ಅರ್ಧರ್ಧವಾಗಿ ಮೇಲೇರುತ್ತದೆ. ಕೂತು ನುಡಿಸುವವಳು ದೇವಕನ್ಯೆಯ ಹಾಗೆ ಕಂಡರೂ, ಕೆಳಗೆ ಕಾಲು ಹೊಲಿಗೆ ಮೆಷಿನ್ ತುಳಿಯುವವಳ ಹಾಗೆ ಓಡಾಡುತ್ತಿರುತ್ತದೆ. ಅದನ್ನು ಕಂಡ ಮೇಲೆ ನನಗೆ ಆ ವಾದ್ಯದ ಮೇಲೆ ಗೌರವ ಹೆಚ್ಚಾಯಿತು.

ಇನ್ನು ನಮ್ಮ ಮೊಮ್ಮಗಳ ವಿಷಯ. ಪುಟ್ಟಿಗೆ ಆಗ ಒಂಬತ್ತು ವರ್ಷ. ಹುಟ್ಟಿದ್ದು ಅಲ್ಲೇ. ಕನ್ನಡ ಅರ್ಥವಾಗುತ್ತಿತ್ತು, ಆದರೆ ಆಡುತ್ತಿರಲಿಲ್ಲ. ನನ್ನ ಪ್ರಶ್ನೆ ಕನ್ನಡದಲ್ಲಿ ಹೋದರೆ ಉತ್ತರ ಇಂಗ್ಲಿಷಿನಲ್ಲಿ ಬರುತ್ತಿತ್ತು. ಇದನ್ನು ಓದುತ್ತಿರುವ ಅಜ್ಜ ಅಜ್ಜಿಯರಲ್ಲಿ ಎಷ್ಟು ಜನಕ್ಕೆ ಈ ಅನುಭವವಿದೆಯೋ! ಅದಕ್ಕೆ ಕಾರ್ಡಿಫ್‌ವರೆಗೂ ಹೋಗಬೇಕಾಗಿಲ್ಲ, ಜಯನಗರ ಸಾಕು. ನಾನು ಬೇಸರ ಮಾಡಿಕೊಂಡೆ, ಬೈಯಲಿಲ್ಲ. ಬೈದು ಕಲಿಸಿದ ಭಾಷೆ ಬಾಯಿಯವರೆಗೆ ಬರುತ್ತದೆ, ಮುಂದೆ ಹೋಗುವುದಿಲ್ಲ.

ಅಚ್ಚರಿಯೆಂದರೆ ಪುಟ್ಟಿಗೆ ಇನ್ನೊಂದು ಭಾಷೆ ಬರುತ್ತಿತ್ತು. ವೇಲ್ಸಿನ ಶಾಲೆಗಳಲ್ಲಿ ಹದಿನಾರು ವರ್ಷದವರೆಗೆ ಎಲ್ಲ ಮಕ್ಕಳೂ ವೆಲ್ಷ್ ಕಲಿಯಲೇಬೇಕು. ಶಾಲೆಗೆ ನಡೆದು ಹೋಗುವಾಗ ಅವಳು ನನಗೆ ಮೇಷ್ಟ್ರಾದಳು. ರಸ್ತೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಇಂಗ್ಲಿಷಿನ 'ಸ್ಲೋ' ಜೊತೆಗೆ ಇನ್ನೊಂದು ಪದ ಬರೆದಿರುತ್ತಾರೆ. ನಾನು ಇಂಗ್ಲಿಷ್ ಅಕ್ಷರ ಕೂಡಿಸಿ 'ಅರಾಫ್' ಎಂದು ಓದಿದೆ. ಪುಟ್ಟಿ ನಕ್ಕಳು. ವೆಲ್ಷ್‌ನಲ್ಲಿ ಒಂದು 'ಎಫ್' ಇದ್ದರೆ ಅದು 'ವ', ಎರಡು ಇದ್ದರೆ 'ಫ' ಅಂತೆ. ಹಾಗಾಗಿ ಅದು 'ಆರವ್'. ನಿಧಾನ, ಮೆಲ್ಲಗೆ ಎಂದರ್ಥ. "ಅಯ್ಯೋ, ನಮ್ಮ ಕಡೆ ಈಗ ಬೀದಿಗೆ ಇಬ್ಬರು ಆರವ್ ಇದ್ದಾರೆ, ಒಬ್ಬನೂ ನಿಧಾನವಿಲ್ಲ" ಅಂದೆ. ಹೀಗೆ ನಾನು ಕಲಿತ ಮೊದಲ ವೆಲ್ಷ್ ಪದ ಅದು. ಎರಡನೆಯದು 'ಮಮ್‌ಗೀ'. ದಕ್ಷಿಣ ವೇಲ್ಸಿನಲ್ಲಿ ಅಜ್ಜಿಗೆ ಹಾಗನ್ನುತ್ತಾರೆ. 'ಮಮ್' ಅಂದರೆ ಅಮ್ಮ, ಮುಂದಿನದು 'ಪ್ರೀತಿಯ' ಅನ್ನುವ ಅರ್ಥದ ಪದ. ಉತ್ತರ ವೇಲ್ಸಿನವರು ಅಜ್ಜಿಯನ್ನು 'ನೈನ್' ಅನ್ನುತ್ತಾರೆ. ಧಾರವಾಡದವರು ಆಯಿ, ನಾವು ಅಜ್ಜಿ ಅನ್ನುವ ಹಾಗೆ.

ಒಂದು ಭಾನುವಾರ ಹಾರ್ಪ್ ಹುಡುಗಿಯನ್ನು ಕಾಫಿಗೆ ಕರೆದೆವು. ಚಿತ್ರಾನ್ನ ಮಾಡಿದ್ದೆ. ಮೂರು ಸಲ ಹಾಕಿಸಿಕೊಂಡಳು. ವಿದ್ಯಾರ್ಥಿಗಳ ಹೊಟ್ಟೆ ಎಲ್ಲ ದೇಶದಲ್ಲೂ ಒಂದೇ. ವಾರದಲ್ಲಿ ಮೂರು ದಿನ ಕಾಫಿ ಅಂಗಡಿಯಲ್ಲಿ ಕೆಲಸ, ಶನಿವಾರ ಯಾರದಾದರೂ ಮದುವೆಯಲ್ಲಿ ಹಾರ್ಪ್ ನುಡಿಸುವುದು, ಉಳಿದ ಹೊತ್ತು ಕಾಲೇಜು ಮತ್ತು ಸಾಧನೆ. ನಾನು ಅವಳ ಬೆರಳು ನೋಡಿದೆ. ತುದಿಗಳೆಲ್ಲ ಜಡ್ಡುಗಟ್ಟಿದ್ದವು. ನನ್ನ ಎಡಗೈಯ ಬೆರಳು ತೋರಿಸಿದೆ. ವೀಣೆಯ ಮೆಟ್ಟುಗಳ ಮೇಲೆ ತಂತಿ ಒತ್ತಿ ಜಾರಿಸಿ ಜಾರಿಸಿ ಅಲ್ಲೊಂದು ಗೀರೇ ಬಿದ್ದಿದೆ. ವೀಣೆ ಮುಟ್ಟದೆ ತಿಂಗಳಾಗಿ ಜಡ್ಡು ಸಿಪ್ಪೆ ಏಳುತ್ತಿತ್ತು. ಅವಳಿಗೆ ಬಾಯಿಬಿಟ್ಟು ಹೇಳದೆಯೇ ಅರ್ಥವಾಯಿತು, "ಛೆ" ಅನ್ನುವ ಹಾಗೆ ನಾಲಿಗೆ ಲೊಚಗುಟ್ಟಿದಳು.

ನನ್ನ ಇಂಗ್ಲಿಷ್ ಅಂಗಡಿಯಲ್ಲಿ ಹಾಲು ತರುವುದಕ್ಕೆ ಸಾಕು, ವೀಣೆಯ ಮಾತಿಗೆ ಸಾಲದು. ಮಗ, ಸೊಸೆಗೆ ಸಂಗೀತ ಗೊತ್ತಿಲ್ಲ. ಹಾಗಾಗಿ ದುಭಾಷಿಯ ಕೆಲಸ ಪುಟ್ಟಿಗೆ ಬಿತ್ತು. ಹಾರ್ಪಿನವರು ಕಿರುಬೆರಳನ್ನು ಬಳಸುವುದೇ ಇಲ್ಲವಂತೆ, ಎಂಟೇ ಬೆರಳಿನಲ್ಲಿ ನುಡಿಸುವುದು. ವೀಣೆಯಲ್ಲಿ ತಾಳದ ತಂತಿ ಮೀಟುವುದೇ ಕಿರುಬೆರಳು ಎಂದು ನಾನು ಹೇಳಿದೆ. "ಅಜ್ಜಿ, ಮೀಟೋದು ಅಂದ್ರೆ ಏನು?" ಎಂದು ಪುಟ್ಟಿ ಕೇಳಿದಳು. ಕನ್ನಡದಲ್ಲೇ! ನಾನು ಗೊತ್ತಾದರೂ ಗೊತ್ತಾಗದವಳ ಹಾಗೆ ಉತ್ತರ ಹೇಳಿದೆ. ಹಿಂದೆಯೇ 'ಗಮಕ' ಅಂದರೇನು, 'ಜಡ್ಡು' ಅಂದರೇನು ಎಂದು ಪ್ರಶ್ನೆಗಳು ಬಂದವು.

ಅಷ್ಟರಲ್ಲಿ ಒಂದು ತಮಾಷೆ ನಡೆಯಿತು. "ತಂತಿಗೆ ಏನಂತೀರಿ ನಿಮ್ಮ ಭಾಷೇಲಿ?" ಎಂದು ಪುಟ್ಟಿಯಿಂದ ಕೇಳಿಸಿದೆ. ಹಾರ್ಪ್ ಹುಡುಗಿ "ತಾಂಟ್" ಅಂದಳು. ನಾನು ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಮತ್ತೆ ಕೇಳಿದೆ. ತಾಂಟ್! ತಂತಿ! ಪುಟ್ಟಿ ಕುರ್ಚಿಯಿಂದ ಎದ್ದು ನಿಂತಳು. ಹಲ್ಲಿಗೆ ಏನಂತೀರಿ ಎಂದರೆ 'ದಾಂಟ್'. ನಮ್ಮಲ್ಲಿ ದಂತ. ಮಕ್ಕಳೇ, ಇದು ಆಕಸ್ಮಿಕವಲ್ಲ. ತಂತಿ, ದಂತ ಎರಡೂ ಕನ್ನಡಕ್ಕೆ ಸಂಸ್ಕೃತದಿಂದ ಬಂದ ಪದಗಳು. ಸಂಸ್ಕೃತ ಮತ್ತು ವೆಲ್ಷ್ ಬಹಳ ದೂರದ ದಾಯಾದಿಗಳು, ಒಂದೇ ದೊಡ್ಡ ಭಾಷಾ ಕುಟುಂಬಕ್ಕೆ ಸೇರಿದವು. ಸಂಸ್ಕೃತಕ್ಕೂ ಯುರೋಪಿನ ಭಾಷೆಗಳಿಗೂ ನಂಟಿದೆ ಎಂದು 1786ರಲ್ಲಿ ಕಲ್ಕತ್ತೆಯಲ್ಲಿ ಭಾಷಣ ಮಾಡಿ ಜಗತ್ತಿನ ಗಮನ ಸೆಳೆದವರು ವಿಲಿಯಂ ಜೋನ್ಸ್. ಅವರ ತಂದೆ ವೇಲ್ಸಿನವರೇ, ಆಂಗಲ್ಸೀ ದ್ವೀಪದಲ್ಲಿ ಹುಟ್ಟಿದವರು, ಅವರ ಹೆಸರೂ ವಿಲಿಯಂ ಜೋನ್ಸ್. ನೀವು ಗಣಿತದಲ್ಲಿ ವೃತ್ತದ ಪಾಠಕ್ಕೆ ಬರೆಯುವ 'ಪೈ' ಚಿಹ್ನೆಯನ್ನು ಆ ಅರ್ಥದಲ್ಲಿ ಮೊದಲು ಬಳಸಿದವರು ಆ ತಂದೆ ಜೋನ್ಸ್, 1706ರಲ್ಲಿ. ಅಪ್ಪ ಮಕ್ಕಳಿಬ್ಬರೂ ಸೇರಿ ಶಾಲಾ ಮಕ್ಕಳಿಗೆ ಸಾಕಷ್ಟು ಕೆಲಸ ಕೊಟ್ಟಿದ್ದಾರೆ.

ಅಂದಿನಿಂದ ಹುಡುಗಿ ನನ್ನನ್ನು 'ಅಜ್ಜಿ' ಅನ್ನತೊಡಗಿದಳು, ಕಾಲೇಜು ತೋರಿಸಲು ಕರೆದುಕೊಂಡೂ ಹೋದಳು. ಕಾರ್ಡಿಫ್ ಕೋಟೆಯ ಪಕ್ಕದಿಂದ ನಡೆದು ಹೋಗಬೇಕು. ದಾರಿಯ ಗೋಡೆಯ ಮೇಲೆ ಕಲ್ಲಿನ ಸಿಂಹ, ತೋಳ, ಕರಡಿ, ಕೋತಿಗಳು ಈಗ ಹಾರುತ್ತೇವೆ ಅನ್ನುವ ಹಾಗೆ ಕೂತಿವೆ. ಕಾಲೇಜು 1949ರಲ್ಲಿ ಶುರುವಾದದ್ದು ಈ ಕೋಟೆಯೊಳಗೇ. 1970ರ ದಶಕದಲ್ಲಿ ಸ್ವಂತ ಕಟ್ಟಡಕ್ಕೆ ಬಂತು. ಈಗ ಅದು ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಬಳಗಕ್ಕೆ ಸೇರಿದೆ. ಆ ವಿಶ್ವವಿದ್ಯಾಲಯದ ಬೇರು ಇನ್ನೂ ಬೇರೆ. ಅದರ ಒಂದು ಭಾಗ 1913ರಲ್ಲಿ ಟ್ರೆಫಾರೆಸ್ಟ್ ಎಂಬಲ್ಲಿ ಗಣಿ ವಿದ್ಯೆ ಕಲಿಸುವ ಶಾಲೆಯಾಗಿ ಹುಟ್ಟಿತು. ಕಲ್ಲಿದ್ದಲು ಅಗೆಯುವುದನ್ನು ಕಲಿಸಲು ಹುಟ್ಟಿದ್ದು ಇಂದು ಹಾರ್ಪ್ ಕಲಿಸುವ ಕಾಲೇಜಿನ ಜೊತೆಗಾರ! ಈ ಮಾತು ಮುಂದೆ ಬೇಕಾಗುತ್ತದೆ, ನೆನಪಿಡಿ.

ಕಾಲೇಜಿನ ಮುಂದಿನ ಗಾಜಿನ ಮೊಗಸಾಲೆಯಲ್ಲಿ ಕೂತರೆ ಹಿಂದೆಯೇ ಬ್ಯೂಟ್ ಪಾರ್ಕಿನ ಮರಗಳು. ಶುಕ್ರವಾರ ಸಂಜೆ ಅಲ್ಲಿ ವಿದ್ಯಾರ್ಥಿಗಳ ಜಾಜ್ ಸಂಗೀತ. ಅದಕ್ಕೆ 'ಅಮ್ಸೆರ್‌ಜಾಜ್‌ಟೈಮ್' ಎಂದು ಹೆಸರು; 'ಅಮ್ಸೆರ್' ಅಂದರೂ ಟೈಮೇ. ದೊಡ್ಡ ಸಭಾಂಗಣ 2011ರದು, ಡೋರಾ ಸ್ಟೂಟ್ಸ್‌ಕರ್ ಹಾಲ್. ದಾನ ಕೊಟ್ಟವರು ತಮ್ಮ ತಾಯಿಯ ಹೆಸರಿಟ್ಟಿದ್ದಾರೆ. ನಾಟಕದ ರಂಗಮಂದಿರಕ್ಕೆ ರಿಚರ್ಡ್ ಬರ್ಟನ್ ಹೆಸರು. ಆ ಮಹಾನಟ ಕಲ್ಲಿದ್ದಲು ಗಣಿ ಕೆಲಸಗಾರನ ಹದಿಮೂರು ಮಕ್ಕಳಲ್ಲಿ ಹನ್ನೆರಡನೆಯವರು, ಮನೆಮಾತು ವೆಲ್ಷ್. ಇಲ್ಲಿಯೇ ಓದಿ 1957ರಲ್ಲಿ ಹೊರಬಂದ ಆಂಥನಿ ಹಾಪ್ಕಿನ್ಸ್ ತಮ್ಮ 83ನೇ ವಯಸ್ಸಿನಲ್ಲಿ ಶ್ರೇಷ್ಠ ನಟ ಆಸ್ಕರ್ ಪಡೆದರು. ನನ್ನ ವಯಸ್ಸಿನವರು ಇದನ್ನು ಗುರುತು ಹಾಕಿಕೊಳ್ಳಿ.

ನನಗೆ ಇವೆಲ್ಲಕ್ಕಿಂತ ಇಷ್ಟವಾದದ್ದು ಸಾಧನೆಯ ಕೋಣೆಗಳ ಓಣಿ. ಬಾಗಿಲುಗಳೆಲ್ಲ ಮುಚ್ಚಿರುತ್ತವೆ. ಒಂದರಿಂದ ಪಿಯಾನೋ, ಒಂದರಿಂದ ತುತ್ತೂರಿ, ಇನ್ನೊಂದರಿಂದ ಯಾರೋ ಒಂದೇ ಸ್ವರವನ್ನು ಏರಿಸಿ ಇಳಿಸಿ ಹಾಡುವುದು. ತಪ್ಪಿದ ಕಡೆ ನಿಲ್ಲುತ್ತಾರೆ, ಮತ್ತೆ ಹಿಂದಿನಿಂದ ಬರುತ್ತಾರೆ. ವೇದಿಕೆಯ ಸಂಗೀತವನ್ನು ಎಲ್ಲರೂ ಕೇಳುತ್ತಾರೆ. ನನ್ನಂಥವರಿಗೆ ಈ ಓಣಿಯೇ ಕಛೇರಿ.

ವೇಲ್ಸಿಗೂ ಹಾರ್ಪಿಗೂ ನೂರಾರು ವರ್ಷದ ನಂಟು. ಇಂಗ್ಲೆಂಡಿನ ಯುವರಾಜನಿಗೆ ವೇಲ್ಸಿನ ಹಾರ್ಪ್ ವಾದಕರೊಬ್ಬರು ಆಸ್ಥಾನ ವಿದ್ವಾಂಸರಾಗಿರುವ ಪದ್ಧತಿ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ನಿಂತುಹೋಗಿ, 2000ದಲ್ಲಿ ಮತ್ತೆ ಶುರುವಾಯಿತು. ಮೂರು ಸಾಲು ತಂತಿಗಳಿರುವ ಹಳೆಯ ವೆಲ್ಷ್ ಹಾರ್ಪ್ ನುಡಿಸುವವರೇ ಇಲ್ಲವಾಗುತ್ತಿದ್ದಾಗ ಅದನ್ನು ಉಳಿಸಿದವರು ನ್ಯಾನ್ಸಿ ರಿಚರ್ಡ್ಸ್ ಎಂಬ ಮಹಾತಾಯಿ (1888–1979). ಅವರ ಬಗ್ಗೆ ಒಂದು ಕಥೆಯಿದೆ. ಅಮೆರಿಕದಲ್ಲಿ ಕೆಲಾಗ್ ಎಂಬ ಉಪಾಹಾರದ ಕಂಪನಿಯವರಿಗೆ, "ನಿಮ್ಮ ಹೆಸರು ನಮ್ಮ ಭಾಷೆಯ ಹುಂಜದ ಹೆಸರಿನ ಹಾಗಿದೆ, ಪೊಟ್ಟಣದ ಮೇಲೆ ಹುಂಜ ಹಾಕಿ" ಎಂದರಂತೆ. ವೆಲ್ಷ್‌ನಲ್ಲಿ ಹುಂಜ 'ಕೈಲ್ಯೋಗ್'. ನಿಜವೋ ಸುಳ್ಳೋ, ಕಾರ್ನ್‌ಫ್ಲೇಕ್ಸ್ ಪೊಟ್ಟಣದ ಮೇಲೆ ಹುಂಜವಂತೂ ಇದೆ.

ಏಪ್ರಿಲ್‌ನಲ್ಲಿ ಒಂದು ಸಂಜೆ ಹುಡುಗಿ ಸಪ್ಪಗೆ ಕೂತಿದ್ದಳು. ಕೊನೆಯ ಕಛೇರಿಗೆ ಏನೇನು ನುಡಿಸುವುದೆಂದು ಪಟ್ಟಿ ಕೊಡಬೇಕಿತ್ತು. ಕೊನೆಗೆ ಕಷ್ಟದ ಫ್ರೆಂಚ್ ಕೃತಿಯೊಂದನ್ನು ಇಟ್ಟರೆ ಪರೀಕ್ಷಕರು ತಲೆದೂಗುತ್ತಾರೆ. ಅವಳ ಮನಸ್ಸಿನಲ್ಲಿದ್ದದ್ದು ಬೇರೆ: 'ಕೆರ್ದ್ ದಾಂಟ್'.

ಇದು ವೇಲ್ಸಿನವರ ವಿಶೇಷ. ಹೆಸರಿನ ಅರ್ಥ 'ತಂತಿಯ ಸಂಗೀತ'. ಹಾರ್ಪ್ ಒಂದು ರಾಗದ ಮಟ್ಟನ್ನು ಶುರು ಮಾಡುತ್ತದೆ. ಹಾಡುವವರು ಸುಮ್ಮನಿರುತ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಕವಿತೆಯೊಂದನ್ನು ಬೇರೆಯೇ ಮಟ್ಟಿನಲ್ಲಿ ಹಾಡತೊಡಗುತ್ತಾರೆ. ಎರಡು ಮಟ್ಟು ಜೊತೆಜೊತೆಗೆ, ಒಂದರ ದಾರಿಗೆ ಇನ್ನೊಂದು ಅಡ್ಡ ಬರದಂತೆ ಸಾಗಬೇಕು. ಶುರು ಬೇರೆ ಬೇರೆ, ಮುಗಿಯುವುದು ಮಾತ್ರ ಒಂದೇ ಗಳಿಗೆಗೆ. ನಾನು ತೊಡೆ ತಟ್ಟಿ, "ಇದು ನಮ್ಮ ಅನಾಗತ ಎಡುಪಿನ ಹಾಗೆ!" ಅಂದೆ. ತಾಳ ಮೊದಲು ಶುರುವಾಗಿ, ಹಾಡು ಆಮೇಲೆ ಹತ್ತಿಕೊಳ್ಳುವುದಕ್ಕೆ ನಮ್ಮಲ್ಲಿ ಹಾಗನ್ನುತ್ತೇವೆ. ಪುಟ್ಟಿ ಅದನ್ನು ಹೇಗೆ ಅನುವಾದಿಸಿದಳೋ ಕಾಣೆ. "ಹಾರ್ಪ್ ಬಸ್ಸು ಹೊರಟಾದ ಮೇಲೆ ಓಡಿ ಹತ್ತಿಕೊಳ್ಳೋದು" ಅನ್ನುವ ಅರ್ಥದಲ್ಲಿ ಏನೋ ಹೇಳಿದಳು. ಹುಡುಗಿ ಬಿದ್ದು ಬಿದ್ದು ನಕ್ಕಳು.

ಅವಳಿಗೆ ಅದನ್ನು ನುಡಿಸಬೇಕೆಂದು ಇದ್ದದ್ದು ಅವಳ ಅಜ್ಜಿಗಾಗಿ. ಮನೆಯ ಸಹಪಾಠಿ ಹಾಡುತ್ತೇನೆಂದು ಒಪ್ಪಿದ್ದಳು. ಆದರೆ ಅಜ್ಜಿ ನಾಲ್ಕು ವರ್ಷದಲ್ಲಿ ಒಮ್ಮೆಯೂ ಕಾಲೇಜಿಗೆ ಬಂದಿರಲಿಲ್ಲ. "ಅಂಥ ಜಾಗದಲ್ಲಿ ನನಗೇನು ಕೆಲಸ" ಅನ್ನುವುದು ಅವರ ಮಾತು. ಇಪ್ಪತ್ತೈದು ಮೈಲಿ ದೂರವೂ ಇಲ್ಲದ ರೊಂಡಾ ಕಣಿವೆಯಲ್ಲಿ ಒಬ್ಬರೇ ಇದ್ದರು.

ಮುಂದಿನ ಭಾನುವಾರ ಮಗ ಕಾರು ತೆಗೆದ. ಹುಡುಗಿ, ಪುಟ್ಟಿ, ನಾನು. ಬೆಟ್ಟಗಳ ನಡುವೆ ಕಿರಿದಾದ ಕಣಿವೆ, ಇಳಿಜಾರಿನಲ್ಲಿ ಮೆಟ್ಟಿಲಿನ ಹಾಗೆ ಸಾಲುಮನೆಗಳು. ಒಂದು ಕಾಲಕ್ಕೆ ಈ ಕಣಿವೆಯ ತುಂಬ ಕಲ್ಲಿದ್ದಲು ಗಣಿಗಳಿದ್ದವು. 1984–85ರಲ್ಲಿ ಗಣಿ ಕೆಲಸಗಾರರು ಒಂದು ವರ್ಷ ಮುಷ್ಕರ ಮಾಡಿ ಸೋತರು. ರೊಂಡಾದ ಕೊನೆಯ ಗಣಿ 1990ರಲ್ಲಿ ಮುಚ್ಚಿತು. ಗಣಿ ಹೋಯಿತು, ಗಂಡಸರ ಗಾಯನ ವೃಂದಗಳು ಉಳಿದವು.

ಅಜ್ಜಿ ಬಾಗಿಲಲ್ಲೇ ನಿಂತಿದ್ದರು. ನನ್ನದೇ ವಯಸ್ಸು. ದಪ್ಪ ಕಬ್ಬಿಣದ ಹೆಂಚಿನ ಮೇಲೆ ಒಣದ್ರಾಕ್ಷಿ ಹಾಕಿದ ಪುಟ್ಟ ಬಿಲ್ಲೆಗಳನ್ನು ಬೇಯಿಸುತ್ತಿದ್ದರು. ವೆಲ್ಷ್ ಕೇಕ್ ಅಂತ ಹೆಸರು. ಆ ಹೆಂಚು ನಮ್ಮ ದೋಸೆ ಹೆಂಚಿನ ತಂಗಿಯೇ. ಹಂದಿಯ ಕೊಬ್ಬು ಹಾಕುವುದೂ ಉಂಟಂತೆ. ನನಗಾಗಿ ಬರೀ ಬೆಣ್ಣೆಯಲ್ಲಿ ಮಾಡಿದ್ದರು.

ಅವರಿಗೆ ವೆಲ್ಷ್ ಬರುವುದಿಲ್ಲ! ಅದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವರ ಅಪ್ಪ ಅಮ್ಮ ತಮ್ಮತಮ್ಮಲ್ಲಿ ವೆಲ್ಷ್ ಆಡುತ್ತಿದ್ದರಂತೆ, ಮಕ್ಕಳ ಹತ್ತಿರ ಇಂಗ್ಲಿಷ್ ಮಾತ್ರ. ಇಂಗ್ಲಿಷ್ ಬಂದರೆ ಮಗಳು ಗಣಿಯ ಮಸಿಯಿಂದ ದೂರವಾಗುತ್ತಾಳೆ ಎಂಬ ಆಸೆ. ಅದಕ್ಕೂ ಹಿಂದಿನವರದು ಇನ್ನೊಂದು ಕಥೆ. 19ನೇ ಶತಮಾನದಲ್ಲಿ ಅಲ್ಲಿನ ಎಷ್ಟೋ ಶಾಲೆಗಳಲ್ಲಿ ವೆಲ್ಷ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ಹಾಕುತ್ತಿದ್ದರು. ಅದರ ಹೆಸರು 'ವೆಲ್ಷ್ ನಾಟ್'. ಇನ್ನೊಂದು ಮಗು ವೆಲ್ಷ್ ಆಡಿದರೆ ಅದು ಆ ಕೊರಳಿಗೆ ಹೋಗಬೇಕು. ಸಂಜೆ ಗಂಟೆ ಹೊಡೆಯುವಾಗ ಯಾರ ಕೊರಳಲ್ಲಿದೆಯೋ ಅವರಿಗೆ ಏಟು. ಮಕ್ಕಳಿಂದಲೇ ಮಕ್ಕಳನ್ನು ಹಿಡಿಸುವ ಆಟ. ಕನ್ನಡ ಆಡಿದರೆ ಹತ್ತು ರೂಪಾಯಿ ದಂಡ ಹಾಕುವ ಶಾಲೆಯೊಂದರ ಕಥೆಯನ್ನು ನನ್ನ ವೀಣೆಯ ಶಿಷ್ಯೆಯೇ ಹೇಳಿದ್ದಳು, ಅದು ನೆನಪಾಯಿತು. ಅಲ್ಲಿ ಹೇಳಲಿಲ್ಲ. ಬೇರೆಯವರ ಮನೆಯಲ್ಲಿ ಕೂತು ನಮ್ಮ ಮನೆಯ ದೂರು ಯಾಕೆ.

ಈಗ ಗಾಳಿ ತಿರುಗಿದೆ. 2021ರ ಜನಗಣತಿಯಲ್ಲಿ ವೆಲ್ಷ್ ಬಲ್ಲವರು ಸುಮಾರು 5 ಲಕ್ಷ 38 ಸಾವಿರ. 2050ಕ್ಕೆ ಅದನ್ನು 10 ಲಕ್ಷ ಮಾಡಬೇಕೆಂದು ಅಲ್ಲಿನ ಸರ್ಕಾರದ ಗುರಿ. ಮೊಮ್ಮಗಳು ವೆಲ್ಷ್ ಮಾಧ್ಯಮದ ಶಾಲೆಯಲ್ಲಿ ಓದಿದಳು. ನಮ್ಮಲ್ಲಿ ಅಜ್ಜಿಯ ಭಾಷೆ ಮೊಮ್ಮಕ್ಕಳಿಗೆ ಬರುವುದಿಲ್ಲ. ಅಲ್ಲಿ ಮೊಮ್ಮಗಳ ಭಾಷೆ ಅಜ್ಜಿಗೆ ಬರುವುದಿಲ್ಲ. ಆದರೂ ಚರ್ಚಿನ ವೆಲ್ಷ್ ಹಾಡುಗಳೆಲ್ಲ ಅಜ್ಜಿಗೆ ಬಾಯಿಪಾಠ, ಅರ್ಥ ಗೊತ್ತಿಲ್ಲದೆ. ಈಚೆಗೆ ಊರಿನ ದೊಡ್ಡವರ ತರಗತಿಗೆ ಸೇರಿ ವೆಲ್ಷ್ ಕಲಿಯುತ್ತಿದ್ದರು. ಮೊಮ್ಮಗಳಿಗೆ ಹೇಳಿರಲಿಲ್ಲ. ಅಡುಗೆಮನೆಯ ಕಪಾಟಿನ ಬಾಗಿಲಿನ ಒಳಗಡೆ ಪದಗಳ ಚೀಟಿ ಅಂಟಿಸಿಕೊಂಡಿದ್ದರು. ಸಕ್ಕರೆ ತೆಗೆಯಲು ಹೋದ ಪುಟ್ಟಿ ಅದನ್ನು ನೋಡಿ ಗಟ್ಟಿಯಾಗಿ ಓದಿಬಿಟ್ಟಳು! ಅಜ್ಜಿಯ ಕೆನ್ನೆ ಕೆಂಪಾಯಿತು. ಹುಡುಗಿ ಏನೂ ಅನ್ನದೆ ಎದ್ದು ಹೋಗಿ ಎಲ್ಲರ ಲೋಟ ತೊಳೆದಳು.

ಗೋಡೆಯ ಮೇಲೆ ತಾತನ ಪಟವಿತ್ತು. ಗಣಿಯಲ್ಲಿ ಬಂಡೆ ಕೊರೆಯುವ ಯಂತ್ರ ಹಿಡಿಯುತ್ತಿದ್ದರಂತೆ. ವರ್ಷಗಟ್ಟಲೆ ಆ ನಡುಕ ಕೈಗೆ ಹತ್ತಿ ಬೆರಳಿನ ನರ, ರಕ್ತನಾಳಗಳು ಕೆಟ್ಟುಹೋಗುತ್ತವೆ. ಚಳಿಯಲ್ಲಿ ಬೆರಳು ಸುಣ್ಣದಂತೆ ಬೆಳ್ಳಗಾಗುತ್ತದೆ, ಜೋಮು ಹಿಡಿಯುತ್ತದೆ. ಅಲ್ಲಿ ಅದಕ್ಕೆ 'ವೈಟ್ ಫಿಂಗರ್', ಬಿಳಿ ಬೆರಳು ಎಂದೇ ಹೆಸರು. ತಾತನಿಗೆ ಕೊನೆಕೊನೆಗೆ ಅಂಗಿಯ ಗುಂಡಿ ಹಾಕಲೂ ಆಗುತ್ತಿರಲಿಲ್ಲ. 1990ರ ದಶಕದ ಕೊನೆಗೆ ಕೋರ್ಟು ಕಚೇರಿಗಳಾಗಿ, ಹೀಗೆ ಬೆರಳು ಕಳೆದುಕೊಂಡ ಗಣಿ ಕೆಲಸಗಾರರಿಗೆ ಸರ್ಕಾರ ಪರಿಹಾರ ಕೊಟ್ಟಿತು. ತಾತನಿಗೂ ಬಂತು. ಅವರು ಹಣ ಮುಟ್ಟಲಿಲ್ಲ, ಬ್ಯಾಂಕಿನಲ್ಲೇ ಇತ್ತು. ಅವರು ಹೋದ ಮೇಲೆ, ಮೊಮ್ಮಗಳಿಗೆ ಹನ್ನೆರಡು ತುಂಬಿದಾಗ, ಅಜ್ಜಿ ಆ ಹಣದಲ್ಲಿ ಒಂದು ಹಳೆಯ ಹಾರ್ಪ್ ಕೊಂಡರು. ಹೊಸ ಹಾರ್ಪಿಗೆ ಒಳ್ಳೆಯ ಕಾರಿನ ಬೆಲೆ ಇರುತ್ತದೆ.

ಅಜ್ಜಿ ಇದನ್ನು ಹಾಲಿನ ಲೆಕ್ಕ ಹೇಳುವಷ್ಟು ಸಾದಾ ದನಿಯಲ್ಲಿ ಹೇಳಿದರು. ಪುಟ್ಟಿ ವಾಕ್ಯ ವಾಕ್ಯವಾಗಿ ಕನ್ನಡಕ್ಕೆ ತರುತ್ತಿದ್ದಳು. ಬೆರಳಿನ ಮಾತು ಬಂದಾಗ ತಡವರಿಸಿ, ತನ್ನ ಬೆರಳನ್ನೇ ಹಿಡಿದು ತೋರಿಸಿದಳು. ಹೊರಡುವಾಗ ನಾನು ಅಜ್ಜಿಗೆ ಹೇಳಿಸಿದೆ: "ಆ ಸಭೆಯಲ್ಲಿ ನನಗೂ ಯಾರೂ ಗೊತ್ತಿಲ್ಲ. ಪಕ್ಕದಲ್ಲಿ ಕೂರುವುದಕ್ಕೆ ಒಬ್ಬರು ಬೇಕು." ಅವರು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಉಳಿದ ಬಿಲ್ಲೆಗಳನ್ನು ಡಬ್ಬಿಗೆ ಹಾಕಿಕೊಟ್ಟರು. ಡಬ್ಬಿ ವಾಪಸು ಬೇಕು ಅಂದರು.

ಮೇ ತಿಂಗಳಿಡೀ ಗೋಡೆಯಾಚೆ ಸಾಧನೆ. ನನಗೂ ಎಲ್ಲಿ ಕಷ್ಟವೆಂದು ತಿಳಿದುಹೋಗಿ, ಆ ಜಾಗ ಬಂದಾಗ ಹಿಡಿದ ಸೌಟು ಹಾಗೇ ನಿಲ್ಲುತ್ತಿತ್ತು. ಕಾಲೇಜಿನಲ್ಲಿ ಒಳ್ಳೊಳ್ಳೆಯ ಹಾರ್ಪ್‌ಗಳಿವೆ. ಆದರೆ ಕಛೇರಿಗೆ ತನ್ನದನ್ನೇ ಒಯ್ಯುತ್ತೇನೆಂದಳು. ಗೆಳೆಯರು ಬೇಡವೆಂದರು, ನಾದ ಸ್ವಲ್ಪ ಮಂದ. ನನ್ನನ್ನು ಕೇಳಿದಳು. ನಾದದ ವಿಷಯದಲ್ಲಿ ಅವರು ಹೇಳಿದ್ದು ನಿಜ ಅಂದೆ. ಅವಳು ಸರಿ ಅಂದಳು, ತನ್ನದನ್ನೇ ಒಯ್ದಳು.

ಕಛೇರಿಯ ದಿನ ನಾನು ಮೈಸೂರು ರೇಷ್ಮೆ ಉಟ್ಟು ಮೇಲೆ ಸ್ವೆಟರ್ ಹಾಕಿಕೊಂಡೆ. ಜೂನ್ ಆದರೂ ಅಲ್ಲಿ ಚಳಿಯೇ. ಬಾಗಿಲ ಹತ್ತಿರ ನಿಂತು ನಿಂತು ನೋಡಿದೆವು. ಶುರುವಾಗಲು ಐದು ನಿಮಿಷವಿದ್ದಾಗ ಅಜ್ಜಿ ಬಂದರು. ನೀಲಿ ಕೋಟು, ಮದುವೆಗೆ ಹೊರಟವರ ಹಾಗೆ ಹ್ಯಾಟು. ನನ್ನನ್ನು ನೋಡಿ ಮೊದಲು ಕೇಳಿದ್ದು, "ಡಬ್ಬಿ ತಂದಿದ್ದೀರಾ?" ತಂದಿದ್ದೆ. ಒಳಗೆ ಕೋಡುಬಳೆ ತುಂಬಿಸಿದ್ದೆ; ಖಾಲಿ ಡಬ್ಬಿ ಕೊಡಬಾರದಲ್ಲ.

ಮೊದಲ ಮೂರು ಕೃತಿಗಳನ್ನು ಹುಡುಗಿ ನುಡಿಸಿದ ಬಗೆಯನ್ನು ವಿವರಿಸುವಷ್ಟು ನಾನು ಆ ಸಂಗೀತ ಬಲ್ಲವಳಲ್ಲ. ಗೋಡೆಯಾಚೆ ಕೇಳಿದ ಆ ನಾಲ್ಕು ಸ್ವರ ಬಂದವು, ಹೋದವು, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ. ಅದಕ್ಕಾಗಿ ಎಷ್ಟು ಸಂಜೆ! ಪುಟ್ಟಿ ನನ್ನ ಕಡೆ ತಿರುಗಿ ನಾಲ್ಕು ಬೆರಳು ಎತ್ತಿ ತೋರಿಸಿದಳು.

ಕೊನೆಗೆ ಗೆಳತಿ ಬಂದು ಹಾರ್ಪಿನ ಪಕ್ಕ ನಿಂತಳು. ಹಾರ್ಪ್ ಹೊರಟಿತು. ಗೆಳತಿ ಸುಮ್ಮನೆ ನಿಂತಿದ್ದಳು. ಅಜ್ಜಿಗೆ ಈ ಕ್ರಮ ಗೊತ್ತಿರಲಿಲ್ಲವೋ ಏನೋ, ಹಾಡುವವಳು ಮರೆತಳೆಂದು ಗಾಬರಿಯಾಗಿ ನನ್ನ ಕೈ ಹಿಡಿದುಕೊಂಡರು. ನಾನು ಇನ್ನೊಂದು ಕೈಯಲ್ಲಿ ಮೊಣಕಾಲ ಮೇಲೆ ತಾಳ ಹಾಕುತ್ತ, ಇರಿ, ಇರಿ ಎಂದು ತಲೆಯಾಡಿಸಿದೆ. ಆಗ ಹಾಡು ಹತ್ತಿಕೊಂಡಿತು. ಸಮುದ್ರದ ಮೇಲಿನ ಕವಿತೆಯಂತೆ. ಎರಡು ಹಕ್ಕಿ ಬೇರೆ ಬೇರೆ ಕೊಂಬೆಯಿಂದ ಹಾರಿ ಒಂದೇ ತಂತಿಯ ಮೇಲೆ ಬಂದು ಕೂರುವ ಹಾಗೆ, ಹಾರ್ಪೂ ಹಾಡೂ ಒಟ್ಟಿಗೆ ನಿಂತವು. ಚಪ್ಪಾಳೆಯ ನಡುವೆ ಅಜ್ಜಿ ನನ್ನ ಕಿವಿಯಲ್ಲಿ ಹೇಳಿದ್ದು ಪುಟ್ಟಿಯ ಸಹಾಯವಿಲ್ಲದೆ ನನಗೇ ಅರ್ಥವಾಯಿತು. "ಮೂರು ಪದ ತಿಳಿಯಿತು" ಅಂದರು. ಸಮುದ್ರ, ಅಮ್ಮ, ಮನೆ. ಮೂರನ್ನೂ ಬೆರಳಿನಲ್ಲಿ ಎಣಿಸಿದರು.

ಅಂಕ ಬಂದದ್ದು ನಾನು ಮೈಸೂರಿಗೆ ವಾಪಸಾದ ಮೇಲೆ. ಚೆನ್ನಾಗಿಯೇ ಬಂತಂತೆ. ಎಷ್ಟೆಂದು ಪುಟ್ಟಿ ಫೋನಿನಲ್ಲಿ ಹೇಳಿದಳು, ಕನ್ನಡದಲ್ಲಿ ಎಣಿಸಿಕೊಂಡು. ಅರವತ್ತು ದಾಟಿದ ಮೇಲೆ ಅವಳ ಲೆಕ್ಕ ತಪ್ಪುತ್ತದೆ, ಹಾಗಾಗಿ ಇಲ್ಲಿ ಬರೆಯುವುದಿಲ್ಲ.

ಅಂದು ಸಭೆ ಮುಗಿದ ಮೇಲೆ ಹಿಂಬಾಗಿಲಲ್ಲಿ ಹಾರ್ಪನ್ನು ವ್ಯಾನಿಗೆ ಏರಿಸುವ ಕೆಲಸ. ನಟನೆಯ ಹುಡುಗರಿಬ್ಬರು, ರಂಗಸಜ್ಜಿಕೆಯವನು, ನನ್ನ ಮಗ. ನಾಲ್ಕು ಜನರೂ ನಾಲ್ಕು ಕಡೆಗೆ ಎಳೆಯುತ್ತಿದ್ದರು. ಅಜ್ಜಿ ಹ್ಯಾಟು ತೆಗೆದು ಕೈಯಲ್ಲಿ ಹಿಡಿದು, ಕಲಿತ ವೆಲ್ಷ್‌ನಲ್ಲಿ "ಆರವ್! ಆರವ್!" ಎಂದು ಕೂಗತೊಡಗಿದರು. ನಾನು ಬಾಯಿ ತೆರೆಯುವ ಮೊದಲೇ ಪುಟ್ಟಿ ಮುಂದೆ ಓಡಿ, "ಮೆಲ್ಲಗೆ, ಅಪ್ಪಾ, ಮೆಲ್ಲಗೆ!" ಅಂದಳು. ನಟನೆಯ ಹುಡುಗನೊಬ್ಬ ಅದನ್ನೂ ವೆಲ್ಷ್ ಎಂದುಕೊಂಡು, "ಮೆಲ್ಲಗೆ, ಮೆಲ್ಲಗೆ" ಎಂದು ತನ್ನ ರಂಗದ ಕಂಠದಲ್ಲಿ ಹೇಳುತ್ತ ತುದಿಯನ್ನು ಒಳಕ್ಕೆ ನೂಕಿದ. ವ್ಯಾನಿನ ಬಾಗಿಲು ಮುಚ್ಚಲು ಮತ್ತೂ ಹತ್ತು ನಿಮಿಷ ಹಿಡಿಯಿತು.